ಲಾಂಪೋನನ ಕುದುರೆಗಳು

ಕೊರಿಂಥದಿಂದ ಬಂದ ಲಾಂಪೋನನನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅಥೆನ್ಸಿನ ಈ ಕುಂಬಾರಕೇರಿಯಲ್ಲಿ ಮದುವೆಯಾದಾಗಿನಿಂದ ನನ್ನ ಗಂಡ ನಿಕಾರ್ಕನ ಮಡಕೆಗಳಿಗೆ ಅಂಚು ಬರೆದವಳು ನಾನು: ಎಲೆ, ಬಳ್ಳಿ, ತಾವರೆ ಮೊಗ್ಗು. ಹಬ್ಬದಲ್ಲಿ ಅಥೀನಾ ದೇವಿಗೆ ಒಪ್ಪಿಸುವ ದೊಡ್ಡ ಹೂಜಿಗಾದರೂ ಚಿತ್ರ ನನ್ನದು, ಕೆಳಗೆ ‘ಫಿಲಿನ್ನಾ ಬರೆದಳು’ ಎಂದು ಹೆಸರೂ ನನ್ನದು ಎಂದುಕೊಂಡಿದ್ದೆ. ಗಂಡ ಅದನ್ನು ನಿನ್ನೆ ಮೊನ್ನೆ ಬಂದವನ ಕೈಗಿಟ್ಟ. ಹಿತ್ತಲ ಗಿಡ ಮದ್ದಲ್ಲವಲ್ಲ.

ಲಾಂಪೋನ ಕುದುರೆಗಳನ್ನು ಬರೆದ, ತನ್ನ ಹೆಸರನ್ನೂ ಬರೆದ. ಅಂಚಿಗೆ ಮಾತ್ರ ನನ್ನನ್ನು ಕರೆದರು.

“ಅಕ್ಕಾ, ಬಳ್ಳಿ ಸ್ವಲ್ಪ ದೂರ ಇರ್ಲಿ, ಕುದುರೆ ಮೇಯ್ದುಬಿಟ್ಟಾವು” ಎಂದ.

ಗಂಡ ಬಿದ್ದು ಬಿದ್ದು ನಕ್ಕ. ನನ್ನ ಯಾವ ಮಾತಿಗೂ ಅವನು ಹಾಗೆ ನಕ್ಕಿದ್ದಿಲ್ಲ.

ಮಡಕೆ ಸುಡುವ ಆವಿಗೆಯ ಗಾಳಿಗಂಡಿ ಮುಚ್ಚಿ ಹೊಗೆಯಿಟ್ಟಾಗ ಮಡಕೆಯೆಲ್ಲ ಕಪ್ಪಾಗುತ್ತದೆ. ಮತ್ತೆ ಗಾಳಿ ಬಿಟ್ಟರೆ ಬರೀ ಮಣ್ಣು ಕೆಂಪಿಗೆ ಮರಳಿ, ಬಣ್ಣದ ಮಣ್ಣು ದಪ್ಪಗೆ ಬಳಿದ ಕಡೆ ಮಾತ್ರ ಕಪ್ಪು ನಿಲ್ಲುತ್ತದೆ. ಲಾಂಪೋನ, ತೆಳುಬಣ್ಣವೂ ಎದ್ದು ಕಾಣುವ ತನ್ನೂರಿನ ಬಿಳಿಚು ಮಣ್ಣಿನ ಅಭ್ಯಾಸದಲ್ಲಿ, ಬಣ್ಣವನ್ನು ನೀರುನೀರಾಗಿ ಕಲಸಿದ್ದ. ಆವಿಗೆ ಬಿಚ್ಚಿದರೆ ನನ್ನ ಬಳ್ಳಿ ಕರ್ರಗೆ ಮಿಂಚುತ್ತಿತ್ತು. ಅವನ ಕುದುರೆ, ಅವನ ಹೆಸರು ಎರಡೂ ಕೆಂಪಿನಲ್ಲಿ ಮಾಸಿಹೋಗಿದ್ದವು. ನನಗೆ ಸ್ವರ್ಗ ಮೂರೇ ಗೇಣು. ಅವನು ಯಾರಿಗೂ ಮುಖ ತೋರಿಸದೆ ಹೆಂಡದಂಗಡಿಗೆ ಹೋದ.

“ಹಬ್ಬ ಹತ್ರ ಬಂತು” ಎಂದ ಗಂಡ. “ಅವನ ಗೆರೆ ಮೇಲೇ ನೀನು ದಪ್ಪಗೆ ಬಳಿ, ಇನ್ನೊಂದ್ಸಲ ಸುಡೋಣ. ಹೆಸರೂ ನಿಂದೇ ಹಾಕ್ಕೋ.”

ಕುಂಚ ಹಿಡಿದು ಕೂತೆ. ಮಾಸಿದ ಗೆರೆಯ ಮೇಲೆ ಹೋಗುತ್ತ ಹೋಗುತ್ತ ತಪ್ಪು ಹುಡುಕಿದೆ. ಗೊರಸಿನಲ್ಲಿ ಇರಲಿಲ್ಲ, ಬಾಲದಲ್ಲಿ ಇರಲಿಲ್ಲ. ಒಂದು ಕುದುರೆ ಕತ್ತು ಬಗ್ಗಿಸಿ ಮೂತಿಯಿಂದ ಮೊಣಕಾಲು ತುರಿಸಿಕೊಳ್ಳುತ್ತಿತ್ತು. ಆ ಕತ್ತನ್ನು ಅವನು ಒಂದೇ ಉಸಿರಿನಲ್ಲಿ ಎಳೆದಿದ್ದ. ಆ ಗೆರೆಯ ಮೇಲೆ ಬರೀ ತಿದ್ದಿಕೊಂಡು ಹೋಗುವುದಕ್ಕೇ ನನ್ನ ಕೈ ನಾಲ್ಕು ಕಡೆ ನಿಂತಿತು. ದೇವಿ ಇದನ್ನು ಇವನಿಗೆ ಯಾಕೆ ಕೊಟ್ಟಳು, ನನಗೆ ಯಾಕೆ ಕೊಡಲಿಲ್ಲ ಎಂದು ಅಳು ಬಂತು.

ಕೊನೆಗೆ ಉಳಿದದ್ದು ಹೆಸರು. ಮಾಸಿದ ಅವನ ಹೆಸರನ್ನು ಹಾಗೇ ಬಿಟ್ಟು ನನ್ನದನ್ನು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಆ ಕತ್ತಿನ ಕೆಳಗೆ ನನ್ನ ಹೆಸರು ಇಟ್ಟರೆ, ಅದು ಅವನು ಹಾಕಿದ ಭಿಕ್ಷೆಯಾಗುತ್ತಿತ್ತು. ಅವನಿಂದ ಅದೊಂದನ್ನು ನಾನು ತೆಗೆದುಕೊಳ್ಳಲಾರೆ.

‘ಲಾಂಪೋನ ಬರೆದನು’ ಎಂದು ದಪ್ಪಗೆ ತಿದ್ದಿದೆ. ಒಂದಕ್ಷರವೂ ಮಾಸದ ಹಾಗೆ.