ಹಂಪಮ್ಮ ಹೇಳಿದ್ದು ನನಗೂ ಗೊತ್ತಿಲ್ಲ

೧
ಕಥೆಯನ್ನು ನದಿಯಿಂದ ಶುರು ಮಾಡಲೇ, ಹಾಸಿಗೆಯಿಂದಲೇ? ನದಿ ಚೆಂದ. ಆದರೆ ಹಂಪಮ್ಮನಿಗೆ ಅಷ್ಟು ಹೊತ್ತಿಲ್ಲ, ಹಾಸಿಗೆ ಹಿಡಿದಿದ್ದಾಳೆ.

ನಿಜಾಮರ ಆಳ್ವಿಕೆ ಮುಗಿದ ಮರುವರ್ಷದ ಶ್ರಾವಣ. ವನದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಹನ್ನೊಂದು ಕ್ರೈಸ್ತ ಮನೆಗಳು. ಪಾದ್ರಿ ಇರುವುದು ಕೃಷ್ಣೆಯ ಆಚೆ, ರಾಯಚೂರಿನಲ್ಲಿ. ಅವರೊಬ್ಬರಿಗೇ ನಲವತ್ತು ಹಳ್ಳಿ. ವರ್ಷಕ್ಕೆ ಎರಡು ಸಲ ಬಂದರೆ ದೊಡ್ಡದು. ಉಳಿದ ದಿನಗಳಲ್ಲಿ ಪ್ರಾರ್ಥನೆ ಹೇಳಿಸುವವನು, ಸತ್ತವರನ್ನು ಮಣ್ಣು ಮಾಡುವವನು ಉಪದೇಶಿ ಶಾಂತಪ್ಪ. ಹೊಟ್ಟೆಪಾಡಿಗೆ ಕಲ್ಲು ಒಡೆಯುತ್ತಿದ್ದ.

೨
“ತಮ್ಮಾ, ಪಾದ್ರಿಗೋಳನ್ನ ಕರ್ಸು,” ಎಂದಳು ಹಂಪಮ್ಮ. “ನಾ ಒಂದ್ ಪಾಪ ಹೇಳ್ಕೋಬೇಕು.”

ಶಾಂತಪ್ಪ ನಡೆದೇ ಹೊಳೆದಂಡೆಗೆ ಹೋದ. ಹೊಳೆ ತುಂಬಿತ್ತು. ಎರಡು ದಿನ ಕಾದರೂ ಅಂಬಿಗ ಹರಗೋಲು ಇಳಿಸಲಿಲ್ಲ.

(ಮೊದಲ ಡ್ರಾಫ್ಟಿನಲ್ಲಿ ಪಾದ್ರಿಯನ್ನು ಈಜಿಸಿ ದಡ ಸೇರಿಸಿದ್ದೆ. ಶಾಂತಪ್ಪ ಓದಿ ನಕ್ಕ: “ಆ ನೀರಾಗ ಆನಿ ಸುದ್ದಾ ನಿಲ್ಲಂಗಿಲ್ರಿ.” ಹೊಡೆದು ಹಾಕಿದೆ.)

೩
ಬರಿಗೈಲಿ ಬಂದವನಿಗೆ ಮುದುಕಿಯ ಮಗ ದೇವಿಂದ್ರ ಒಂದು ದಾರಿ ಹೇಳಿದ. ಪಾದ್ರಿಯ ಬಿಳಿ ನಿಲುವಂಗಿ ಪ್ರಾರ್ಥನೆಯ ಗುಡಿಯ ಟ್ರಂಕಿನಲ್ಲೇ ಇತ್ತು.

“ಅದನ್ನ ಹಾಕ್ಕೊಂಡು ಕೂಡ್ರಿ. ಅವ್ವಗ ಕಣ್ಣು ಮಂಜಾಗ್ಯಾವ, ಗೊತ್ತಾಗಂಗಿಲ್ಲ.”

ನನಗಂತೂ ಈ ಸೀನು ಬಹಳ ಹಿಡಿಸಿತು. ಒಂದು ಪುಟ ಬರೆದೂ ಬಿಟ್ಟೆ. ಆದರೆ ಶಾಂತಪ್ಪ ತೋಳಿನೊಳಗೆ ಕೈ ತೂರಿಸಲೇ ಇಲ್ಲ.

“ಆಕಿ ಸಾಯಾಕತ್ತಾಳ. ಈಗರ ಆಕಿಗೆ ಸುಳ್ಳು ಹೇಳಬಾರದು,” ಎಂದ.

ಆ ಪುಟವೂ ಹೋಯಿತು. ಹೋದದ್ದಕ್ಕೆ ನನಗೆ ದುಃಖವಿಲ್ಲ. (ಸ್ವಲ್ಪ ಇದೆ.)

೪
ಅವನು ಹಾಸಿಗೆಯ ಪಕ್ಕ ಕೂತ.

“ಯವ್ವಾ, ಪಾದ್ರಿ ಬರ್ಲಿಲ್ಲ. ನಾ ಶಾಂತಪ್ಪ. ನಂಗ ಕ್ಷಮಾ ಕೊಡಾಕ ಬರಂಗಿಲ್ಲ, ಕೇಳಾಕ ಬರ್ತದ. ನೀ ಮನಸಾರೆ ಮರುಗಿದ್ರ ದೇವರು ಕೇಳ್ತಾನ.”

ಮುದುಕಿ ತಡಕಾಡಿ ಅವನ ಕೈ ಹಿಡಿದಳು.

“ಹಂಗಾರ ನೀನ ಕೇಳು.”

ಎಲ್ಲರೂ ಹೊರಗೆ ಹೋದರು. ನನ್ನನ್ನೂ ಕಳಿಸಿದರು. ಹೊಸ್ತಿಲ ಮೇಲಿದ್ದ ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಬಾಗಿಲು ತೆರೆಯಿತು. ಶಾಂತಪ್ಪನ ಕಣ್ಣು ಕೆಂಪಗಿದ್ದವು. ಒಳಗೆ ಹಂಪಮ್ಮ ಎಷ್ಟೋ ದಿನಗಳ ಮೇಲೆ ಗಂಜಿ ಕೇಳಿದಳು. ಮರುದಿನ ಮಧ್ಯಾಹ್ನ ತೀರಿಕೊಂಡಳು.

೫
ಪಾದ್ರಿ ಬಂದದ್ದು ಕಾರ್ತಿಕದಲ್ಲಿ. ಸಮಾಧಿಯ ಮುಂದೆ ಪ್ರಾರ್ಥಿಸಿ, “ಕೊನೆಗೆ ಏನು ಹೇಳಿಕೊಂಡಳು?” ಎಂದು ಕೇಳಿದರು.

“ಅದು ನಂಗ ಹೇಳಿದ್ದಲ್ರಿ. ನಾ ಬರೇ ಅಲ್ಲಿ ಕೂತಿದ್ದೆ.”

ಪಾದ್ರಿ ಟೋಪಿ ತೆಗೆದರು. ಮತ್ತೆ ಕೇಳಲಿಲ್ಲ.

ನಾನು ಮೂರು ಸಲ ಕೇಳಿದೆ. ಹೆಸರು ಬದಲಿಸುತ್ತೇನೆ ಎಂದೆ, ಊರು ಬದಲಿಸುತ್ತೇನೆ ಎಂದೆ. ಅವನು ಸುತ್ತಿಗೆ ಎತ್ತಿಕೊಂಡು ಕಲ್ಲಿನ ಕಡೆ ತಿರುಗಿದ. ಕಥೆಗಾರನಾಗಿ ನನಗೆ ಸಿಟ್ಟು ಬಂತು. ಮನುಷ್ಯನಾಗಿ, ಆ ಬೆನ್ನಿಗೆ ಕೈಮುಗಿಯಬೇಕು ಅನ್ನಿಸಿತು.

೬
ಮುಕ್ತಾಯಗಳು. ಒಂದು: ಊರಿಗೆ ಕಾಯಂ ಪಾದ್ರಿ ಬಂದರು. (ಬರಲಿಲ್ಲ.) ಇನ್ನೊಂದು: ಶಾಂತಪ್ಪನೇ ಪಾದ್ರಿಯಾದ. (ಪಾದ್ರಿಗಳು ಮದುವೆಯಾಗುವಂತಿಲ್ಲ, ಅವನಿಗೋ ಹೆಂಡತಿ, ನಾಲ್ಕು ಮಕ್ಕಳಿದ್ದರು. ಆ ಮಾತಿಗೆ ಹೆಂಡತಿ ನಕ್ಕಳಂತೆ.)

ಆದದ್ದು ಇಷ್ಟು. ಒಂದು ಸಂಜೆ ದೇವಿಂದ್ರ ಕಲ್ಲುಗಣಿಗೆ ಬಂದ.

“ನಂದೂ ಒಂದ್ ಮಾತದ, ಕಾಕಾ.”

“ನಾ ಪಾದ್ರಿ ಅಲ್ಲ, ಮೊದಲ ಹೇಳಾಕತ್ತೇನಿ.”

“ಗೊತ್ತದ್ರಿ,” ಎಂದು ದೇವಿಂದ್ರ ಬಂಡೆಯ ಮೇಲೆ ಕೂತ.

ಶಾಂತಪ್ಪ ಸುತ್ತಿಗೆ ಕೆಳಗಿಟ್ಟು ನಮ್ಮ ಕಡೆ ನೋಡಿದ. ನಾನು ಎದ್ದು ಹೊರಟಿದ್ದೇನೆ. ನೀವೂ ಏಳಿ.