ಮೂರನೇದು ಬಂದ್ರ ಸಾಕು

ಸ್ಪರ್ಧಾಳುಗಳೆಲ್ಲ ಸಭೆಗೆ ಬರಬೇಕೆಂದು ಮೈಕಿನಲ್ಲಿ ಕೂಗಿದ ಕೂಡಲೇ ಅಬ್ರಾರ ಹೆಲ್ಮೆಟ್ಟನ್ನು ಹೆಂಡತಿಯ ಕೈಗಿಟ್ಟು ಹೋದ. ಅವನು ಮಂದಿಯ ನಡುವೆ ಮರೆಯಾಗುವುದನ್ನೇ ಕಾಯುತ್ತಿದ್ದವನಂತೆ ಟಿಪ್ಪುಸಾಬ ಮೊಣಕಾಲೂರಿ ಕುಳಿತು, ಮಗನ ಬೈಕಿನ ಹಿಂದಿನ ಚಕ್ರದ ನಟ್ಟಿಗೆ ಪಾನಾ ಹಾಕಿದ.

“ಮಾಮಾ, ಏನ ಮಾಡಾಕ ಹತ್ತೀರಿ? ಈಗಷ್ಟ ಎಲ್ಲಾ ನೋಡಿದ್ರಲ್ಲ?” ಎಂದಳು ಫಿರದೋಸ್.

“ಚೈನ್ ಸಡ್ಲ ಆಗೇತಿ.”

ಸೊಸೆ ನಂಬಲಿಲ್ಲ. ಮದುವೆಯಾದಾಗಿನಿಂದ ಪ್ರತಿ ರೇಸಿನಲ್ಲೂ ಟ್ರ್ಯಾಕಿನ ಬದಿಗೆ ನಿಂತು ಗಂಡನಿಗೆ ಫಳಿ ತೋರಿಸುತ್ತಿದ್ದವಳು ಅವಳೇ. ಎಷ್ಟನೆಯ ಸ್ಥಾನದಲ್ಲಿದ್ದೀ, ಹಿಂದಿನವನು ಎಷ್ಟು ದೂರ ಇದ್ದಾನೆ ಎಂಬುದನ್ನು ಆ ಕರಿಯ ಫಳಿಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಹಿಡಿಯುವಷ್ಟು ಆಟ ಅವಳಿಗೆ ತಿಳಿದಿತ್ತು. ಚೈನು ಬಿಗಿ ಮಾಡಲು ಯಾರೂ ಚಕ್ರ ಬಿಚ್ಚುವುದಿಲ್ಲ. ಟಿಪ್ಪುಸಾಬ ಸಾಮಾನಿನ ಪೆಟ್ಟಿಗೆಯಿಂದ ಅರಿವೆಯಲ್ಲಿ ಸುತ್ತಿದ್ದ, ಚೈನು ಕೂಡುವ ಹಲ್ಲಿನ ಚಕ್ರವೊಂದನ್ನು ಹೊರತೆಗೆದ. ಬೈಕಿನಲ್ಲಿದ್ದದ್ದಕ್ಕಿಂತ ಅದು ಬೆರಳಗಲದಷ್ಟು ಸಣ್ಣದಿತ್ತು.

“ಇದನ್ನ ಹಾಕಿದ್ರ ಏನಾಗತೈತ್ರಿ?”

“ಏನೂ ಆಗಂಗಿಲ್ಲ. ಗಾಡಿ ಓಡತೈತಿ. ಮೂಲಿ ತಿರುಗಿ ಏಳೂ ಮುಂದ ಪಿಕಪ್ ಸ್ವಲ್ಪ ಕಡಿಮಿ, ಅಷ್ಟ. ಆ ಜೋಡಿ ದಿಬ್ಬ ಹಾರೂ ಆಸೆ ಬರಬಾರದು ಅವಗ.”

“ಅವರಿಗೆ ಹೇಳ್ರಿ ಮತ್ತ.”

“ಹೇಳಿದ್ರ ಹಾಕಸ್ಕೊಂತಾನೇನವಾ?”

ಫಿರದೋಸ್ ಸಭೆ ನಡೆದಿದ್ದ ಶಾಮಿಯಾನದ ಕಡೆ ನೋಡಿದಳು. ಆಮೇಲೆ ಹೆಲ್ಮೆಟ್ಟನ್ನು ಕೆಳಗಿಟ್ಟು, ಮಾವನಿಗೆ ಅನುಕೂಲವಾಗಲೆಂದು ಚಕ್ರವನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದಳು.

ಬೈಲಹೊಂಗಲದಲ್ಲಿ ಸಂಪಗಾಂವದ ರಸ್ತೆಗೆ ಟಿಪ್ಪುಸಾಬನ ಗ್ಯಾರೇಜು. ಅಬ್ರಾರ ಅಲ್ಲೇ, ರಿಪೇರಿಗೆ ಬಂದವರ ಗಾಡಿಗಳ ಮೇಲೆಯೇ ಓಡಿಸುವುದನ್ನು ಕಲಿತ. ಕೊಲ್ಹಾಪುರದ ಗುಜರಿಯಲ್ಲಿ ಸಿಕ್ಕ ರೇಸಿನ ಬೈಕೊಂದನ್ನು ಅಪ್ಪ ಮಗ ಕೂಡಿ ಒಂದು ಮಳೆಗಾಲವಿಡೀ ಬಿಚ್ಚಿ ಜೋಡಿಸಿದರು. ಮಣ್ಣಿನ ಟ್ರ್ಯಾಕಿನಲ್ಲಿ ಅಬ್ರಾರನನ್ನು ಹಿಡಿಯುವವರು ಈ ಸೀಮೆಯಲ್ಲಿರಲಿಲ್ಲ. ಆದರೆ ಅವನದು ಒಂದೇ ರೀತಿ. ಗೆದ್ದರೆ ಮೊದಲನೆಯವನು, ಇಲ್ಲವೇ ನೆಲಕ್ಕೆ. ಹಿಂದಿನ ವರ್ಷ ಗೋಕಾಕದಲ್ಲಿ ಬಿದ್ದು ಹೆಗಲೆಲುಬು, ಪಕ್ಕೆಲುಬು ಮುರಿದುಕೊಂಡಾಗ ಟಿಪ್ಪುಸಾಬ ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಒಂದು ಮಾತು ಹೇಳಿದ್ದ. “ಒಮ್ಮೆ ಗೆದ್ದು ಒಮ್ಮೆ ಬೀಳೂದಕ್ಕಿಂತ ಬೀಳದ ಬಾ. ವರ್ಷದ ಕಡೀಕ ನೋಡಿದ್ರ ನಾವ ಗೆದ್ದಿರತೇವಿ.”

ಮಗ ಈ ವರ್ಷ ಹಾಗೇ ಓಡಿಸಿದ. ಎಲ್ಲಿ ದಾರಿ ಬಿಡಬೇಕೋ ಅಲ್ಲಿ ಬಿಟ್ಟ. ಒಮ್ಮೆ ಎರಡನೆಯವನಾದ, ಒಮ್ಮೆ ಮೂರನೆಯವನಾದ, ಬೇರೆಯವರು ಬಿದ್ದಲ್ಲಿ ಗೆದ್ದ. ಹೂಲಿಯ ಹೊರಗಿನ ಕಲ್ಲುನೆಲದಲ್ಲಿ ನಡೆಯುವ ಈ ಕೊನೆಯ ರೇಸಿಗೆ ಬರುವಾಗ ಅಂಕಪಟ್ಟಿಯಲ್ಲಿ ಅವನೇ ಮೇಲಿದ್ದ. ಕಿತ್ತೂರಿನ ಆಕಾಶ ಎಂಬುವನು ಅವನ ಹಿಂದೆ. ಇವತ್ತು ಆಕಾಶನೇ ಗೆದ್ದರೂ ಅಬ್ರಾರ ಮೂರನೆಯವನಾಗಿ ಬಂದರೆ ಚಾಂಪಿಯನ್ ಪಟ್ಟ ಬೈಲಹೊಂಗಲಕ್ಕೇ.

ಆದರೆ ಪುಣೆಯ ದೊಡ್ಡ ಟೀಮೊಂದರ ಮನುಷ್ಯ ರೇಸು ನೋಡಲು ಬಂದಿದ್ದ. ಮುಂದಿನ ವರ್ಷಕ್ಕೆ ಅವರಿಗೆ ಒಬ್ಬ ರೈಡರ್ ಬೇಕಿತ್ತು. ಬೆಳಿಗ್ಗೆ ಬೈಕನ್ನು ಟೆಂಪೊದಲ್ಲಿ ಹೇರಿಕೊಂಡು ಬರುವಾಗ ಅಬ್ರಾರ ದಾರಿಯುದ್ದಕ್ಕೂ ಅದನ್ನೇ ಆಡಿದ.

“ಮೂರನೇದು ಬಂದು ಚಾಂಪಿಯನ್ ಆದಂವನ್ನ ಯಾರ ಕರೀತಾರ ಅಬ್ಬಾ? ಅವರ ಕಣ್ಣಿಗೆ ಇವತ್ತಿನ ರೇಸಷ್ಟ ಕಾಣೂದು.”

“ಚಾಂಪಿಯನ್ ಅಂದ್ರ ಚಾಂಪಿಯನ್. ಮೂರನೇದು ಬಂದ್ರ ಸಾಕು.”

ಅಬ್ರಾರ ಹೊರಗೆ ಕಡಲೆ ಕಿತ್ತ ಹೊಲಗಳನ್ನು ನೋಡುತ್ತ ಕುಳಿತಿದ್ದ. ಆ ನೋಟಕ್ಕೇ ಟಿಪ್ಪುಸಾಬ ಹೆದರಿದ್ದು.

ಟ್ರ್ಯಾಕಿನ ಕಠಿಣ ಜಾಗವೆಂದರೆ ಜೋಡಿ ದಿಬ್ಬ. ಎಡಕ್ಕೆ ಬಿಗಿಯಾದ ತಿರುವು, ತಿರುವು ಮುಗಿದ ಕೂಡಲೇ ಆಳೆತ್ತರದ ಒಂದು ಮಣ್ಣಿನ ದಿಬ್ಬ, ನಡುವೆ ತಗ್ಗು, ಮತ್ತೆ ಅಂಥದೇ ಇನ್ನೊಂದು ದಿಬ್ಬ. ತಿರುವಿನಿಂದ ಗಾಡಿ ಜೋರಾಗಿ ಎದ್ದರೆ ಮೊದಲನೆಯದರ ನೆತ್ತಿಯಿಂದ ಹಾರಿ ಎರಡನೆಯದರ ಆಚೆ ಇಳಿಯಬಹುದು. ಇಲ್ಲವಾದರೆ ಒಂದೊಂದನ್ನೇ ಹತ್ತಿ ಇಳಿಯಬೇಕು. ಹಾರಿದವನಿಗೆ ಪ್ರತಿ ಸುತ್ತಿಗೂ ಲಾಭ. ಅರೆಮನಸ್ಸಿನಿಂದ ಹಾರುವುದು ಮಾತ್ರ ಅಲ್ಲಿ ಸಾಧ್ಯವಿರಲಿಲ್ಲ.

ಬಾವುಟ ಇಳಿಯಿತು. ಗಾಡಿಗಳು ಧೂಳೆಬ್ಬಿಸಿಕೊಂಡು ನುಗ್ಗಿದವು. ಧೂಳು ಸರಿದಾಗ ಆಕಾಶ ಮುಂದೆ, ಅಬ್ರಾರ ಅವನ ಬೆನ್ನಿಗೆ. ಎಡತಿರುವು ಹೊಕ್ಕು ಹೊರಗೆ ಬರುತ್ತಿದ್ದಂತೆ ಅಬ್ರಾರನ ಗಾಡಿ ಕ್ಷಣ ಹೊತ್ತು ಮೈ ಭಾರವಾದಂತೆ ಎಳೆಯಿತು. ಆಕಾಶ ಹಾರಿದ. ಅಬ್ರಾರ ಹಾರಲಿಲ್ಲ, ದಿಬ್ಬಗಳನ್ನು ಹತ್ತಿ ಇಳಿದ. ಮುಂದಿನ ನೇರ ದಾರಿಯಲ್ಲಿ ಅಪ್ಪ ನಿಂತಲ್ಲಿಗೆ ಬಂದಾಗ ಹೆಲ್ಮೆಟ್ಟನ್ನು ಪೂರ್ತಿ ಇತ್ತ ತಿರುಗಿಸಿ ನೋಡಿದ. ಕಪ್ಪು ಗಾಜಿನೊಳಗಿನ ಮುಖ ಕಾಣಲಿಲ್ಲ. ಟಿಪ್ಪುಸಾಬ ಅಂಗೈಯನ್ನು ಕೆಳಮುಖ ಮಾಡಿ, ಸಾವಕಾಶ, ಸಾವಕಾಶ ಎಂದು ಸನ್ನೆ ಮಾಡಿದ.

ಸುತ್ತುಗಳು ಉರುಳಿದವು. ಯಾರೋ ಒಬ್ಬ ಅಬ್ರಾರನನ್ನು ದಾಟಿ ಹೋದ. ಅವನು ಮೂರನೆಯವನಾಗಿ ಉಳಿದ, ಪ್ರತಿ ಸುತ್ತಿನಲ್ಲೂ ದಿಬ್ಬಗಳನ್ನು ಒಂದೊಂದಾಗಿ ಹತ್ತಿ ಇಳಿದ. ಫಿರದೋಸ್ ಫಳಿಯ ಮೇಲೆ ‘೩, ಸಾಕು’ ಎಂದು ಬರೆದು ಎತ್ತಿ ಹಿಡಿದಳು. ಅಬ್ರಾರ ಎಡಗೈಯ ಬೆರಳೊಂದನ್ನು ಹ್ಯಾಂಡಲ್‌ನಿಂದ ಎತ್ತಿ ಕಂಡಿತೆಂದು ತೋರಿಸಿದ. ಟಿಪ್ಪುಸಾಬನಿಗೆ ಆಗ ಬಾಯಾರಿದ್ದು ನೆನಪಾಯಿತು. ಅವನು ನೀರು ಕುಡಿದ.

ರಾಮದುರ್ಗದ ಸಾಗರ ಎಂಬುವನನ್ನು ಆ ವರ್ಷ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಕಪಟ್ಟಿಯಲ್ಲಿ ಅವನ ಹೆಸರು ಹುಡುಕಬೇಕಿತ್ತು. ಕಳೆದುಕೊಳ್ಳುವುದು ಏನೂ ಇಲ್ಲದ ಅವನು ಅವತ್ತು ಪ್ರತಿ ಸುತ್ತಿಗೂ ಜೋಡಿ ದಿಬ್ಬ ಹಾರುತ್ತ, ಪ್ರತಿ ಸುತ್ತಿಗೂ ಒಂದಷ್ಟು ಹತ್ತಿರ ಬಂದ. ಕೊನೆಗೆ ಇನ್ನೊಂದೇ ಸುತ್ತು ಉಳಿದಿರುವಾಗ ಆ ದಿಬ್ಬಗಳ ಮೇಲೆಯೇ, ಕೆಳಗೆ ಹತ್ತುತ್ತಿದ್ದ ಅಬ್ರಾರನ ತಲೆಯ ಮೇಲಿನಿಂದ ಎಂಬಂತೆ ಹಾರಿ ಮುಂದೆ ಹೋದ. ಮಂದಿ ಹೋ ಎಂದರು.

ಫಿರದೋಸ್ ‘೩’ ಅಳಿಸಿದಳು. ನಾಲ್ಕು ಎಂದು ಬರೆಯಲಿಲ್ಲ. “ಮಾಮಾ,” ಎಂದಳು. ಟಿಪ್ಪುಸಾಬ ಆಗಲೇ ದಿಬ್ಬದ ಕಡೆ ಓಡುತ್ತಿದ್ದ. ಓಡುತ್ತಲೇ ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದ, ಬ್ಯಾಡ, ಬ್ಯಾಡ ಎಂದು. ಎಂಜಿನ್ನುಗಳ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಿಸಲಿಲ್ಲ.

ಅಬ್ರಾರ ಕೊನೆಯ ಸಲ ಎಡತಿರುವಿನಿಂದ ಹೊರಬಿದ್ದ. ಗಾಡಿಯ ಮೇಲೆ ಪೂರ್ತಿ ಮುಂದಕ್ಕೆ ಬಾಗಿದ್ದ, ತನ್ನ ಮೈಭಾರದಿಂದಲೇ ಅದನ್ನು ದೂಡುವವನಂತೆ. ಮೊದಲ ದಿಬ್ಬದ ನೆತ್ತಿಯಿಂದ ಮೇಲೆದ್ದ. ಚೆನ್ನಾಗಿಯೇ ಎದ್ದಿದ್ದ. ಎರಡನೆಯ ದಿಬ್ಬದ ನೆತ್ತಿಗೆ ಗೇಣಷ್ಟೇ ಕಡಿಮೆ ಬಿತ್ತು.

ಟಿಪ್ಪುಸಾಬ ಹೋಗಿ ಮುಟ್ಟುವಷ್ಟರಲ್ಲಿ ಕೆಂಪು ಬಾವುಟ ತೋರಿಸಿದ್ದರು. ಗಾಡಿ ಮಗ್ಗುಲಾಗಿ ಬಿದ್ದು ಇನ್ನೂ ಒದರುತ್ತಿತ್ತು. ಅಬ್ರಾರ ಅಂಗಾತ ಬಿದ್ದು ಮುಗಿಲು ನೋಡುತ್ತಿದ್ದ. ಎಚ್ಚರವಿತ್ತು. ರಕ್ತವಿರಲಿಲ್ಲ.

“ಅಬ್ಬಾ, ಯಾರರ ನನ್ನ ಕಾಲ ಮ್ಯಾಲ ಕುಂತಾರೇನ್ರಿ?” ಎಂದು ಕೇಳಿದ. “ಏಳ ಅನ್ರಿ ಅವರಿಗೆ.”

ಕಾಲ ಮೇಲೆ ಯಾರೂ ಕುಳಿತಿರಲಿಲ್ಲ.

ಬೆಳಗಾವಿಯ ಆಸ್ಪತ್ರೆಯಲ್ಲಿ ಬೆನ್ನೆಲುಬಿಗೆ ಶಸ್ತ್ರಚಿಕಿತ್ಸೆಯಾಯಿತು. ಸೊಂಟದ ಕೆಳಗೆ ಜೀವ ತಿರುಗಿ ಬರುವ ಆಸೆ ಇಟ್ಟುಕೊಳ್ಳಬೇಡಿರೆಂದು ಡಾಕ್ಟರು ಟಿಪ್ಪುಸಾಬನಿಗೂ ಫಿರದೋಸಳಿಗೂ ಕೂಡಿಸಿಯೇ ಹೇಳಿದರು. ಆಕಾಶ ಚಾಂಪಿಯನ್ ಆಗಿದ್ದ. ಆಸ್ಪತ್ರೆಯಿಂದ ಒಮ್ಮೆ ಊರಿಗೆ ಬಂದಾಗ ಟಿಪ್ಪುಸಾಬ ಗ್ಯಾರೇಜಿನ ಬಾಗಿಲು ಹಾಕಿಕೊಂಡು, ಮುಂದಿನ ಚಕ್ರ ಸೊಟ್ಟಾಗಿದ್ದ ಆ ಬೈಕಿನಿಂದ ಸಣ್ಣ ಹಲ್ಲಿನ ಚಕ್ರ ಬಿಚ್ಚಿ ಹಳೆಯದನ್ನು ಕೂಡಿಸಿದ. ಇನ್ನು ಓಡದ ಗಾಡಿಗೆ ಇದನ್ನು ಯಾಕೆ ಮಾಡುತ್ತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಮಾಡಿ ಮುಗಿಸಿ, ಕೈ ತೊಳೆದುಕೊಳ್ಳುವಾಗ ಅತ್ತ. ಆ ಹಲ್ಲಿನ ಚಕ್ರದ ವಿಷಯ ಅವನೂ ಸೊಸೆಯೂ ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಅವಳು ಗಂಡನ ಮಗ್ಗುಲು ಬದಲಿಸುವಾಗ ಇವನು ಇನ್ನೊಂದು ಕಡೆ ಹಿಡಿಯುತ್ತಿದ್ದ, ಇಬ್ಬರ ಕಣ್ಣೂ ಕೂಡುತ್ತಿರಲಿಲ್ಲ.

ಜೂನಿನಲ್ಲಿ ಮಿರಗದ ಮಳೆ ಬಿದ್ದು ಬಿಸಿಲಾಗಿದ್ದ ಒಂದು ಮಧ್ಯಾಹ್ನ ಆಕಾಶ ಮನೆಗೆ ಬಂದ. ಕೈಯಲ್ಲಿ ಬೆಳಗಾವಿ ಕುಂದಾದ ಸಿಹಿ ಡಬ್ಬಿ ಇತ್ತು. ಅಬ್ರಾರ ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದ. ಇಬ್ಬರೂ ಹಳೆಯ ರೇಸುಗಳನ್ನು ನೆನೆದು ನಕ್ಕರು. ಪುಣೆಯವರು ತನ್ನನ್ನು ಕರೆದಿದ್ದಾರೆ, ನಾಳೆ ಹೊರಡುತ್ತೇನೆ ಎಂದು ಹೇಳಲು ಆಕಾಶ ಬಹಳ ಹೊತ್ತು ತೆಗೆದುಕೊಂಡ.

“ಚಲೋ ಆತು. ಹೋಗಿ ಬಾ,” ಎಂದ ಅಬ್ರಾರ.

ಆಕಾಶ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳ ತೆಗೆಯುತ್ತ, ಹಾಕುತ್ತ ಕುಳಿತ. “ಒಂದ ಮಾತ ಕೇಳತೇನಿ, ಸಿಟ್ಟ ಆಗಬ್ಯಾಡ. ಅವತ್ತ ನಾ ಹೊಳ್ಳಿ ಹೊಳ್ಳಿ ನೋಡತಿದ್ದೆ. ನಿನ್ನ ಗಾಡಿ ಮೂಲಿಯಿಂದ ಏಳವಲ್ದಾಗಿತ್ತು. ಏನಾಗಿತ್ತೋ ಅದಕ್ಕ?”

ಚಹಾ ತರುತ್ತಿದ್ದ ಫಿರದೋಸ್ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಳು. ಪಡಸಾಲೆಯ ಬಾಗಿಲ ಬಳಿ ನಿಂತಿದ್ದ ಟಿಪ್ಪುಸಾಬ ಗೋಡೆಗೆ ಆತುಕೊಂಡ.

“ಗಾಡಿಗೇನಾಗಿತ್ತು?” ಎಂದ ಅಬ್ರಾರ. “ಗಾಡಿ ಬೆಷ್ಟ ಇತ್ತು. ನಾನ ಗೇರ್ ತಪ್ಪಿಸಿದೆ.”

ಆಕಾಶ ಹೋದ ಮೇಲೆ ಫಿರದೋಸ್ ಕಪ್ಪುಗಳನ್ನೆತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಪಾತ್ರೆಯ ಸದ್ದು ಬರಲಿಲ್ಲ. ಟಿಪ್ಪುಸಾಬ ಮಗನ ಕುರ್ಚಿಯ ಎದುರಿಗೆ ನೆಲದ ಮೇಲೆ ಕುಳಿತ.

“ನಿನಗ ಗೊತ್ತೈತಿ,” ಎಂದ.

“ಮೊದಲನೇ ಸುತ್ತಿನ್ಯಾಗ ಗೊತ್ತಾತ್ರಿ. ಮೂಲಿ ದಾಟಿದ ಕೂಡ್ಲೆ.”

“ಮತ್ತ ರೇಸ ಬಿಟ್ಟ ಬರಬೇಕಿಲ್ಲೋ! ಬಂದು ನನ್ನ ಕಪಾಳಕ್ಕ ಹೊಡದಿದ್ರೂ ನಡೀತಿತ್ತು.”

“ಸಿಟ್ಟ ಬಂದಿತ್ತು. ಎರಡ ಸುತ್ತ ಬರೇ ನಿಮ್ಮ ಮ್ಯಾಲ ಸಿಟ್ಟ ಮಾಡಕೋತ ಹೊಡದೆ.” ಅಬ್ರಾರ ಸಣ್ಣಗೆ ನಕ್ಕ. “ಆಮ್ಯಾಲ ಈಕಿ ಫಳಿ ಹಿಡದ್ಲು, ಮೂರು, ಸಾಕು ಅಂತ. ಆತಪಾ, ಅಬ್ಬಾನ ಲೆಕ್ಕ ಬರೋಬ್ಬರಿ ಐತಿ ಅನಕೊಂಡೆ. ಖರೇನ ಬರೋಬ್ಬರಿ ಇತ್ತರಿ. ಸಾಗರನ್ನ ನಾವಿಬ್ರೂ ಲೆಕ್ಕಕ್ಕ ಹಿಡದಿರಲಿಲ್ಲ, ಅಷ್ಟ.”

ಟಿಪ್ಪುಸಾಬ ಕುರ್ಚಿಯ ಗಾಲಿ ಹಿಡಿದುಕೊಂಡ. “ಹಾರೂ ಮುಂದ… ಮುಟ್ಟಂಗಿಲ್ಲ ಅಂತ ಗೊತ್ತಿತ್ತೇನು?”

“ಗೊತ್ತಿತ್ತರಿ.”

“ಗೊತ್ತಿದ್ದೂ?”

“ಮುಟ್ಟಿದ್ರ ಅಂತ,” ಎಂದ ಅಬ್ರಾರ.

ಹೊರಗೆ ಒಂದು ಆಟೋ ಶುರುವಾಗಲು ಒದ್ದಾಡುತ್ತಿತ್ತು. ಅಬ್ರಾರ ಕಿವಿಗೊಟ್ಟ. “ಕೇಳ್ರಿ, ಅದರ ಪ್ಲಗ್ ಹೋಗೇತಿ. ನಾಳೆ ನಿಮ್ಮ ಕಡೇನ ಬರತೈತಿ ನೋಡ್ರಿ. ನನ್ನೂ ಗ್ಯಾರೇಜಿಗೆ ಕರಕೊಂಡ ನಡ್ರಿ ಅಬ್ಬಾ. ಕುಂತ ಮಾಡೂ ಕೆಲಸ ಇರತಾವಲ್ಲ, ಕಾರ್ಬ್ಯುರೇಟರ್ ತೊಳೇದು, ಪಂಚರ್ ತಿದ್ದೂದು…”

ಟಿಪ್ಪುಸಾಬ ಹ್ಞೂಂ ಎಂದ. ನೆಲಕ್ಕೆ ಬಿದ್ದಿದ್ದ ಕುಂದಾದ ತುಣುಕಿಗೆ ಇರುವೆಗಳು ಸಾಲು ಹಿಡಿದಿದ್ದವು. ಸಾಲು ತಪ್ಪಿದ ಒಂದು ಕೆಂಪಿರುವೆ ಗಾಲಿಕುರ್ಚಿಯನ್ನೇರಿ ಅಬ್ರಾರನ ಬರಿಗಾಲಿನ ಮೇಲೆ ಹರಿಯುತ್ತಿತ್ತು. ಹೆಬ್ಬೆರಳ ಸಂದಿಯಲ್ಲಿ ನಿಂತು ಕಚ್ಚಿತು. ಅಬ್ರಾರ ಆಟೋದ ಸದ್ದಿಗೆ ಕಿವಿಗೊಟ್ಟು ಮಾತಾಡುತ್ತಲೇ ಇದ್ದ. ಟಿಪ್ಪುಸಾಬ ಕೈ ಚಾಚಿ, ಮಗನಿಗೆ ನೋವಾದೀತೆಂಬಂತೆ ಮೆಲ್ಲಗೆ, ಇರುವೆಯನ್ನು ಬಿಡಿಸಿ ತೆಗೆದ.