ನೀರು ಕುಡಿದ ಕಂಬಳಿ

"ಆ ಸಮುದ್ರದ ದಂಡಿಮ್ಯಾಗ ಧೋತರ ಬಿಚ್ಚುವಾಗ ನನ್ನ ಕೇಳಿ ಬಿಚ್ಚಿದ್ದೇನಲೇ? ಈಗ ರೋಗ ಹತ್ತಿದ ಮ್ಯಾಲ ನನ್ನ ಬಾಗಲಾ ಕಾಣಸ್ತೇನು, ಹಲ್ಕಟ್ ಸೂಳಿಮಗನ?"

ಕಲ್ಲಣ್ಣ ಮಾಲಕರು ಇದನ್ನು ಮೆಲ್ಲಗೆ ಹೇಳಲಿಲ್ಲ. ಮೈಂದರ್ಗಿಯ ಅವರ ಮನೆಯ ಕಟ್ಟೆಯ ಮೇಲೆ ಟ್ರ್ಯಾಕ್ಟರ್ ಹೊಡೆಯುವವರಿಬ್ಬರು ಚಹಾ ಕುಡಿಯುತ್ತಿದ್ದರು, ಅವರಿಗೆ ಕೇಳಲೆಂದೇ ಹೇಳಿದರು. ಒಬ್ಬ ನಕ್ಕ. ಇನ್ನೊಬ್ಬ ತನ್ನ ಕಪ್ಪನ್ನು ಖಂಡಪ್ಪನಿಂದ ಆಚೆ ಸರಿಸಿಕೊಂಡ.

ಖಂಡಪ್ಪ ಅಂಗಳದಲ್ಲಿ ನಿಂತೇ ಇದ್ದ. ಕೂಡು ಎಂದು ಯಾರೂ ಅಂದಿರಲಿಲ್ಲ. ಔಷಧಿಗೆ ಕೂದಲೆಲ್ಲ ಉದುರಿದ ತಲೆಗೆ ಟವೆಲ್ಲು ಸುತ್ತಿದ್ದ. ಅದು ಜಾರಿದಾಗಲೆಲ್ಲ ಕಳ್ಳನ ಹಾಗೆ ಅತ್ತಿತ್ತ ನೋಡಿ ಮತ್ತೆ ಎಳೆದುಕೊಳ್ಳುತ್ತಿದ್ದ.

"ನಾ ಅಂಥಾ ಮನಶ್ಯಾ ಅಲ್ರಿ ಮಾಲಕರ. ನಿಮಗ ಗೊತ್ತೈತಿ. ಹೋಟಗಿ ಬೀಗರ ಮುಂದ ಒಂದ ಮಾತ ಹೇಳ್ರಿ ಸಾಕು. ಇಂವಾ ನನ್ನ ಕೈಯಾಗ ದುಡದಾನ, ದುಡದದ್ದಕ್ಕ ಹಿಂಗಾಗೇತಿ ಅಂತ."

ಖಂಡಪ್ಪನಿಗಿದ್ದದ್ದು ರಕ್ತದ ಕ್ಯಾನ್ಸರ್. ಸೊಲ್ಲಾಪುರದ ಡಾಕ್ಟರು ಹಾಗೆಂದು ಬಾಯಿಬಿಟ್ಟು ಹೇಳಿದ್ದರು. ಊರು ಮಾತ್ರ ಬೇರೆ ರೋಗದ ಹೆಸರು ಇಟ್ಟಿತ್ತು. ಹೆಂಡತಿಯನ್ನು ಬಿಟ್ಟು ವರ್ಷಗಟ್ಟಲೆ ಕರಾವಳಿಯಲ್ಲಿದ್ದ ಗಂಡಸು, ಒಣಗಿ ಬಂದಿದ್ದಾನೆ, ಇನ್ನೇನಿರುತ್ತದೆ? ಹೆಂಡತಿ ಸೋಮವ್ವನನ್ನು ಅವಳ ಅಣ್ಣ ಅಕ್ಕಲಕೋಟಕ್ಕೆ ಕರೆದೊಯ್ದು ಆ ರೋಗದ ಪರೀಕ್ಷೆಯನ್ನೂ ಮಾಡಿಸಿದ್ದ. ಏನೂ ಸಿಗಲಿಲ್ಲ. ಏನೂ ಸಿಗಲಿಲ್ಲವೆಂದು ಊರಲ್ಲಿ ಡಂಗುರ ಸಾರಲು ಬರುತ್ತದೆಯೇ? ಬಂದವರು ಅವನ ಮನೆಯ ನೀರು ಮುಟ್ಟುವುದನ್ನು ಬಿಟ್ಟರು. ಮಗಳು ಸಪ್ನಾಳಿಗೆ ಗೊತ್ತಾಗಿದ್ದ ಹೋಟಗಿಯ ಸಂಬಂಧವೂ ಅಲ್ಲಿಗೇ ನಿಂತಿತು. ಹುಡುಗನ ಸೋದರಮಾವ ಅಮೋಗಸಿದ್ಧ ಮಾತ್ರ ದೊಡ್ಡ ಮನಸ್ಸು ಮಾಡಿ, ಕೆಲಸಕ್ಕೆ ಕರಕೊಂಡು ಹೋಗಿದ್ದ ಮಾಲಕರೇ ಬಂದು ಹೇಳಲಿ, ನಾವು ಸಕ್ಕರೆ ಹಂಚಿ ಸಂಬಂಧ ಗಟ್ಟಿ ಮಾಡುತ್ತೇವೆ ಎಂದಿದ್ದ.

"ನಿನ್ನ ಬಿಲ್ಲೇದಾಗ ಏನೂ ಬಂದಿಲ್ಲಲೇ," ಎಂದರು ಕಲ್ಲಣ್ಣ. "ಕಂಪನಿಯವರು ನೋಡ್ಯಾರ. ಕ್ಲೀನ್ ಐತಿ."

ಬಿಲ್ಲೆಯಲ್ಲಿ ಎಲ್ಲಿಂದ ಬರಬೇಕು? ಸಮುದ್ರದ ದಂಡೆಯ ಆ ಅಣು ವಿದ್ಯುತ್ ಪ್ಲ್ಯಾಂಟಿನಲ್ಲಿ ಮೈಗೆ ಎಷ್ಟು ವಿಕಿರಣ ತಾಕಿತೆಂದು ತೋರಿಸಲು ಎದೆಗೆ ಚುಚ್ಚಿಕೊಳ್ಳುವ ಬಿಲ್ಲೆ ಅದು. ಮಿತಿ ಮೀರಿದ ಆಳನ್ನು ಮನೆಗೆ ಕಳಿಸಬೇಕು, ಕೈ ಪಳಗಿದ ಆಳು ಹೋದರೆ ಗುತ್ತಿಗೆದಾರನಿಗೆ ಲುಕ್ಸಾನು. ಅದಕ್ಕೇ ಒಳಗೆ ಹೋಗುವಾಗ ಎಲ್ಲರ ಬಿಲ್ಲೆಯನ್ನೂ ಬಿಚ್ಚಿಸಿ ಹೊರಗಿನ ಗೋಡೆಯ ಮೊಳೆಗೆ ತೂಗುಹಾಕಿಸುತ್ತಿದ್ದವರು ಇದೇ ಮಾಲಕರು. ಆಳುಗಳು ಒಳಗೆ ಬೇಯುತ್ತಿದ್ದರು, ಬಿಲ್ಲೆಗಳು ಹೊರಗೆ ಗಾಳಿ ತಿನ್ನುತ್ತಿದ್ದವು. ಇದನ್ನು ಹೇಳಲು ಖಂಡಪ್ಪ ಬಾಯಿ ತೆರೆದ. ಕಟ್ಟೆಯ ಮೇಲಿನವರು ನೋಡುತ್ತಿದ್ದರು. ಮುಚ್ಚಿಕೊಂಡ.

"ಬರ್ತೀನಿ," ಎಂದರು ಮಾಲಕರು. "ಬಂದು ಹೇಳ್ತೀನಿ. ಆದರ ಪ್ಲ್ಯಾಂಟ್ ಬಂದ್ ಮಾಡಿ ರಿಪೇರಿ ಮಾಡೋ ಶಟ್‌ಡೌನ್ ಕೆಲಸಕ್ಕ ಮಂದಿ ಬೇಕಾಗ್ಯಾರ. ನಿನ್ನ ಮಗ ಅಮೋಲ್ ಗಟ್ಟಿ ಅದಾನ. ಅವತ್ತ ನನ್ನ ಗಾಡ್ಯಾಗನ ಕಳಸು."

"ಹೂಂನ್ರಿ," ಎಂದ ಖಂಡಪ್ಪ.

ಎಷ್ಟು ಸಲೀಸಾಗಿ ಬಂತು ಆ ಮಾತು. ಕುರಿ ಮಾರುವಾಗಲಾದರೂ ಅವನು ಒಂದಿಷ್ಟು ಚೌಕಾಶಿ ಮಾಡುತ್ತಿದ್ದ. ದಾರಿಯುದ್ದಕ್ಕೂ ಅವನಿಗೆ ತನ್ನ ಮೇಲೆಯೇ ಹೇಸಿಕೆ ಹತ್ತಿತು.

ಮನೆಯಲ್ಲಿ ಅಮೋಲ್ ಎದುರು ಮಾತಾಡಲಿಲ್ಲ. "ತಂಗೀ ಲಗ್ನ ಆಗಲಿ," ಎಂದಷ್ಟೇ ಹೇಳಿ ಬಟ್ಟೆಯ ಚೀಲ ಹೊಂದಿಸಿದ. ಅವನು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಖಂಡಪ್ಪನಿಗೆ.

ಬೀಗರು ಬರುವ ದಿನ ಬೆಳಗ್ಗೆ ಸೋಮವ್ವ ಜಂತಿಯ ಮೇಲಿನ ಕಂಬಳಿಯನ್ನು ಇಳಿಸಿ ಝಾಡಿಸಿದಳು. ಖಂಡಪ್ಪನ ಅಪ್ಪ ಸ್ವಂತ ಕುರಿಗಳ ಉಣ್ಣೆಯಿಂದ ನೇಯಿಸಿದ ಕರಿ ಕಂಬಳಿ ಅದು. ಕುರುಬರಾದ ಇವರಲ್ಲಿ ಕಂಬಳಿ ಎಂದರೆ ಬರೀ ಹೊದಿಕೆಯಲ್ಲ, ಕುಲದೇವರು ಬೀರೋಬನ ಗದ್ದುಗೆ. ಲಗ್ನದ ಮಾತಿಗೆ ಅದನ್ನೇ ಹಾಸಬೇಕು. ಹಿರಿಯರು ಅದರ ಮೇಲೆ ಕೂತು, ಭಂಡಾರದ ಅರಿಷಿಣ ಮುಟ್ಟಿ ಆಡಿದ ಮಾತೇ ಮಾತು. ಉಳಿದ ದಿನಗಳಲ್ಲಿ ಮಕ್ಕಳು ಅದರ ಮೇಲೆಯೇ ಮಲಗುತ್ತಿದ್ದರು, ದೇವರು ಯಾವತ್ತೂ ಬೇಡ ಅಂದಿರಲಿಲ್ಲ.

ಅದೇ ಕಂಬಳಿಯನ್ನು ಖಂಡಪ್ಪ ಪ್ಲ್ಯಾಂಟಿಗೂ ಒಯ್ದಿದ್ದ. ಪರದೇಶಕ್ಕೆ ಹೋಗುವ ಕುರುಬನ ಹೆಗಲು ಬರಿದಾಗಿರಬಾರದಲ್ಲ. ಸಪ್ನಾ ಇನ್ನೂ ಸಣ್ಣವಳಿದ್ದಾಗ ಒಮ್ಮೆ ಅಲ್ಲಿ ಒಳಗೊಂದು ಪೈಪು ಸೋರಿ ನೆಲವೆಲ್ಲ ನೀರಾಯಿತು. ಇವರ ಕೆಲಸ ಅದೇ, ಓಡಿಹೋಗಿ ಅರಿವೆಯಿಂದ ಆ ನೀರು ಒರೆಸಿ ಹಿಂಡಿ ಓಡಿಬರುವುದು. ಅರಿವೆ ತೀರಿತು. ಹೊರಗಿನ ಬಟ್ಟೆ ಒಳಗೆ ಒಯ್ಯಕೂಡದೆಂಬ ಕಟ್ಟುನಿಟ್ಟು ಇತ್ತು, ಆದರೆ ಮೇಲಿನ ಸಾಹೇಬರು ಒದರಾಡುತ್ತಿದ್ದರು, ಏನಾದರೂ ತರ್ರಲೇ ಎಂದು ಮಾಲಕರು ಅವರಿಗಿಂತ ಜೋರಾಗಿ ಒದರಿದರು. ಖಂಡಪ್ಪ ಓಡಿ ಖೋಲಿಯಿಂದ ಕಂಬಳಿ ತಂದ. ಉಣ್ಣೆ ಕುಡಿದಷ್ಟು ನೀರು ಯಾವ ಅರಿವೆ ಕುಡಿದೀತು? ನಾಕು ಸಲ ಎಳೆದಾಡಿದ್ದೇ ನೆಲ ಒಣಗಿತು. ಸಾಹೇಬರೇ ಭುಜ ತಟ್ಟಿದರು. ಕುರುಬನಾಗಿ ಹುಟ್ಟಿದ್ದಕ್ಕೆ ಅವನು ಅಷ್ಟು ಬೀಗಿದ್ದು ಅದೊಂದೇ ಸಲ.

ಒರೆಸಿದ್ದನ್ನೆಲ್ಲ, ವಿಕಿರಣ ತಾಕಿದ ಕಸ ಮುಚ್ಚಿಡುವ ಹಳದಿ ಡ್ರಮ್ಮಿಗೆ ಹಾಕಬೇಕಿತ್ತು. ಬೀರೋಬನ ಗದ್ದುಗೆಯನ್ನು ಕಸದ ಡ್ರಮ್ಮಿಗೆ ಹಾಕುವ ಕೈ ಅವನದಾಗಿರಲಿಲ್ಲ. ಅರ್ಧ ತುರುಕಿದ್ದನ್ನು ಹೊರಗೆಳೆದು ಮಾಲಕರ ಕಾಲು ಹಿಡಿದ.

"ಒಯ್ಯಲೇ, ಒಯ್ಯಿ," ಎಂದು ಮಾಲಕರು ನಕ್ಕು, ತಮ್ಮ ಗಾಡಿಯಲ್ಲಿ ಸಾಮಾನಿನ ಕೆಳಗೆ ಅದನ್ನು ಗೇಟು ದಾಟಿಸಿಕೊಟ್ಟಿದ್ದರು. "ಬರೇ ನೀರಲೇ ಅದು. ಒಣಗಿದ್ರ ಮುಗೀತು."

ಕಂಬಳಿ ಮನೆಗೆ ಮರಳಿ ಮತ್ತೆ ಮಕ್ಕಳ ಹಾಸಿಗೆಯಾಗಿತ್ತು. ಆ ಉಪಕಾರವನ್ನು ಖಂಡಪ್ಪ ಇವತ್ತಿಗೂ ಮರೆತಿರಲಿಲ್ಲ.

ಬೀಗರು ಊಟದ ಹೊತ್ತಿಗೆ ಬಂದರು. ಸೋಮವ್ವ ಪಡಸಾಲೆಯ ನಡುವೆ ಕಂಬಳಿ ಹಾಸಿ ನಾಲ್ಕು ಮೂಲೆಗೂ ಭಂಡಾರ ಹಚ್ಚಿದ್ದಳು. ಸಪ್ನಾ ಹಸಿರು ಸೀರೆಯುಟ್ಟು ಅದರ ಒಂದು ಅಂಚಿಗೆ ತಲೆ ತಗ್ಗಿಸಿ ಕೂತಳು. ಅಮೋಗಸಿದ್ಧ ಅದರ ಮೇಲೆಯೇ ಎದುರಿಗೆ ಕೂತ. ನೀರಿನ ತಂಬಿಗೆ ಅವನ ಮುಂದೆ ಹಾಗೇ ಇತ್ತು. ಖಂಡಪ್ಪ ಅದನ್ನೇ ನೋಡುತ್ತಿದ್ದ, ನೋಡಲಿಲ್ಲವೆಂಬಂತೆ.

ಮಾಲಕರ ಗಾಡಿ ಬಂತು. ಎಲ್ಲರೂ ಎದ್ದು ಕೈಮುಗಿದು ಮತ್ತೆ ಕೂತರು. ಮಾಲಕರು ಬೂಟು ಕಳಚಿ, ಅಮೋಲನ ಚೀಲವನ್ನೊಮ್ಮೆ ನೋಡಿ ತೃಪ್ತರಾಗಿ, ನಗುತ್ತ ಒಳಗೆ ಬಂದರು.

"ಖಂಡಪ್ಪ ನಮ್ಮ ಮನೀ ಮನಶ್ಯಾ ಇದ್ದಾಂಗ," ಎಂದು ಶುರುಮಾಡಿದರು.

"ಕುಂತ ಮಾತಾಡ್ರಿ ಮಾಲಕರ," ಎಂದ ಅಮೋಗಸಿದ್ಧ. "ಕಂಬಳಿ ಮ್ಯಾಲ ಕುಂದರ್ರಿ."

ಮಾಲಕರು ಮಂಡಿಯ ಮೇಲೆ ಕೈಯಿಟ್ಟು ಬಗ್ಗಿದರು. ಬಗ್ಗಿದವರು ಅರ್ಧಕ್ಕೇ ನಿಂತರು. ಕಂಬಳಿಯ ಒಂದು ಮೂಲೆಯಲ್ಲಿ ಭಂಡಾರವಲ್ಲದ ಹಳದಿ ಇತ್ತು, ಡ್ರಮ್ಮಿನ ಅಂಚಿನಿಂದ ಮೆತ್ತಿಕೊಂಡ ಬಣ್ಣ.

"ಖಂಡ್ಯಾ. ಇದು ಆ ಪ್ಲ್ಯಾಂಟಿನ ಕಂಬಳಿ ಅಲ್ಲೇನಲೇ?"

"ಹೌದ್ರಿ. ನೀವ ಕೊಡಿಸಿದ್ರೆಲಾ."

"ಥೂ, ಹುಚ್ಚ ಸೂಳಿಮಗನ," ಎಂದು ಮಾಲಕರು ಎರಡು ಹೆಜ್ಜೆ ಹಿಂದೆ ಸರಿದರು. "ಇದನ್ನ ಇನ್ನೂ ಮನ್ಯಾಗ ಇಟ್ಟೀಯೇನಲೇ?"

ಅಮೋಗಸಿದ್ಧ ಕಂಬಳಿಯನ್ನೂ ಮಾಲಕರನ್ನೂ ನೋಡಿದ. "ಯಾಕ್ರಿ? ಏನಾಗೇತಿ ಕಂಬಳಿಗಿ?"

"ಏನಿಲ್ಲ. ನನಗ ಮಣಕಾಲ ನೋವೈತಿ. ಒಂದ ಖುರ್ಚಿ ತರ್ರಿ."

ಯಾರೂ ಖುರ್ಚಿ ತರಲಿಲ್ಲ. ಸೋಮವ್ವ ಮಗಳ ರಟ್ಟೆ ಹಿಡಿದು ಕಂಬಳಿಯಿಂದ ಎಬ್ಬಿಸಿ ಗೋಡೆಗೆ ಎಳೆದುಕೊಂಡಳು. ಅಮೋಗಸಿದ್ಧನೂ ಎದ್ದು, ಧೋತರದ ಹಿಂಬದಿಯನ್ನು ಕೊಡವಿಕೊಂಡ. ಕೊಡವಿದ್ದು ಗೊತ್ತಾಗಿ ಕೈ ನಿಲ್ಲಿಸಿದ.

ಖಂಡಪ್ಪ ಕಂಬಳಿಯನ್ನೇ ನೋಡಿದ. ಚಳಿಗಾಲದಲ್ಲಿ ಊರಿಗೆ ಬಂದಾಗ ಸಪ್ನಾ ನಡುಗಿದರೆ ಈ ಕಂಬಳಿಯನ್ನು ಕುತ್ತಿಗೆಯವರೆಗೂ ಹೊದಿಸುತ್ತಿದ್ದದ್ದು ತಾನೇ. ಅವಳಿಗೆ ಜ್ವರ ಬಂದಾಗ ಎರಡು ಮಡಿಕೆ ಮಾಡಿ ಹೊದಿಸಿದ್ದ. ಊರು ಅವನ ಮೇಲೆ ಹೊರಿಸಿದ್ದ ಸೂಳೆಗಾರಿಕೆಯೇ ನಿಜವಾಗಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು. ಮಗಳ ಮುಖ ನೋಡಲಾರದೆ ಮಾಲಕರ ಮುಖ ನೋಡಿದ.

"ಬರೇ ನೀರ ಅಂದಿದ್ರಿ," ಎಂದ.

"ಹೂಂ, ನೀರ. ಯಾರ ಅಲ್ಲ ಅಂದಾರ?"

"ಹಂಗಾರ ಕುಂದರ್ರಿ."

"ಮಾತ ಹದ್ದ ಮೀರ್ಯಾವ ನೋಡು ಖಂಡ್ಯಾ. ಇವನ ಬ್ಯಾನಿ ಇವನ ಕರ್ಮ, ನನಗೇನೂ ಗೊತ್ತಿಲ್ಲರಿ ಬೀಗರ. ಅಮೋಲ್, ಚೀಲ ತಗೊ, ನಡಿ."

ಅಮೋಲ್ ಬಾಗಿಲಲ್ಲಿ ನಿಂತಿದ್ದವನು ಚೀಲಕ್ಕೆ ಕೈ ಹಾಕಲಿಲ್ಲ. ಹೋಟಗಿಯವರು ಒಬ್ಬೊಬ್ಬರೇ ಗೋಡೆಗೆ ಸರಿದಿದ್ದರು. ನಡುವೆ ಖಾಲಿ ಕಂಬಳಿ ಬಿದ್ದಿತ್ತು, ಅದರ ಸುತ್ತ ಇಷ್ಟು ಜನ. ಈ ಸಂಬಂಧ ಮುರಿಯಿತೆಂದು ಸೋಮವ್ವನಿಗೆ ಗೊತ್ತಾಗಿತ್ತು. ಅವಳು ಸೆರಗು ಬಾಯಿಗೆ ತುರುಕಿಕೊಂಡಿದ್ದಳು.

ಸಪ್ನಾ ಅವ್ವನ ಕೈ ಬಿಡಿಸಿಕೊಂಡಳು. ಹಸಿರು ಸೀರೆಯ ನೆರಿಗೆ ಎತ್ತಿ ಹಿಡಿದು, ಬಂದು ಕಂಬಳಿಯ ಮೇಲೆ ಮೊದಲು ಕೂತಲ್ಲೇ ಕೂತಳು. ಈ ಸಲ ತಲೆ ತಗ್ಗಿಸಲಿಲ್ಲ. ತನ್ನ ಎದುರಿನ ಜಾಗವನ್ನು ಅಂಗೈಯಿಂದ ಸವರಿದಳು.

"ಬರ್ರಿ ಮಾಲಕರ," ಎಂದಳು. "ಸಣ್ಣಾಕಿ ಇದ್ದಾಗಿಂದ ನಾ ಇದರ ಮ್ಯಾಲನ ಮಲಗೀನಿ. ನೀವು ಒಂದ ಗಳಿಗಿ ಕುಂದರ್ರಿ."

ಅಮೋಲ್ ಬಾಗಿಲು ಮುಚ್ಚಿ ಅಗಳಿ ಹಾಕಿದ.